ಫೋಟೋ ನೋಡಿ ಊರು ಹೇಳುವವರು

ಆ ಆಟದ ಹೆಸರೆತ್ತಿದರೆ ಇವತ್ತಿಗೂ ನನಗೆ ವಾಕರಿಕೆ ಬರುತ್ತದೆ. ಆಟದ ತಪ್ಪೇನಿಲ್ಲ, ಪಾಪ. ಕಂಪ್ಯೂಟರಿನಲ್ಲಿ ಜಗತ್ತಿನ ಯಾವುದೋ ಒಂದು ರಸ್ತೆ ಕಾಣಿಸುತ್ತದೆ. ಅದು ಎಲ್ಲಿಯದೆಂದು ಊಹಿಸಿ ನಕ್ಷೆಯ ಮೇಲೆ ಗುರುತು ಹಾಕಬೇಕು. ಹತ್ತಿರ ಹಾಕಿದಷ್ಟೂ ಅಂಕ ಹೆಚ್ಚು. ಹೈದರಾಬಾದಿನ ಮಾದಾಪುರದ ನಮ್ಮ ಆಫೀಸಿನಲ್ಲಿ ಊಟವಾದ ಮೇಲೆ ನಾವು ಐದು ಜನ ಮೀಟಿಂಗ್ ರೂಮಿಗೆ ನುಗ್ಗಿ, ದೊಡ್ಡ ಪರದೆಯ ಮೇಲೆ ದಿನಾ ಇದನ್ನು ಆಡುತ್ತಿದ್ದೆವು. ಟೈಂಪಾಸ್ ಅಂತಲ್ಲ, ಜಗತ್ತನ್ನು ಕಲಿಯುತ್ತಿದ್ದೇವೆ ಅಂತ ಬೇರೆ ಹೇಳಿಕೊಳ್ಳುತ್ತಿದ್ದೆವು.

ನಮ್ಮದೇ ಕಟ್ಟಳೆಗಳಿದ್ದವು. ಎರಡು ನಿಮಿಷದೊಳಗೆ ಹೇಳಬೇಕು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ, ಯಾರಿಗಾದರೂ ಫೋನ್ ಮಾಡಿ ಕೇಳಿದರೆ ಅದು ಮೋಸ. ಚಾಂಪಿಯನ್ ನಾನೇ. ಲೈಟು ಕಂಬ ನೋಡಿ ದೇಶ ಹೇಳುತ್ತಿದ್ದೆ, ಮಣ್ಣಿನ ಬಣ್ಣ ನೋಡಿ ಬ್ರೆಜಿಲ್ಲಿನ ಯಾವ ದಿಕ್ಕು ಅನ್ನುತ್ತಿದ್ದೆ. ಭೂಗೋಳವನ್ನೇ ಅರೆದು ಕುಡಿದವನ ಹಾಗೆ ಕಾಲರ್ ಎತ್ತಿಕೊಂಡು ತಿರುಗುತ್ತಿದ್ದೆ. ಹೈದರಾಬಾದಿಗೆ ಬಂದು ನಾಲ್ಕು ವರ್ಷವಾಗಿತ್ತು. ಆಫೀಸು, ರೂಮು, ಊರಿಗೆ ಹೋಗುವಾಗ ಕಾಚಿಗೂಡ ಸ್ಟೇಷನ್ನು. ಇಷ್ಟು ಬಿಟ್ಟರೆ ಈ ಊರಿನ ಒಂದು ಗಲ್ಲಿಯೂ ನನಗೆ ಗೊತ್ತಿರಲಿಲ್ಲ.

ಆಫೀಸಿನ ಪ್ಯಾಂಟ್ರಿಯಲ್ಲಿ ಚಹಾ ಮಾಡಿ ಕಪ್ಪು ತೊಳೆಯುತ್ತಿದ್ದ ಅಕ್ಕ ಯಾದಗಿರಿ ಕಡೆಯವರು. ಕನ್ನಡದವನೆಂದು ನನ್ನ ಹತ್ತಿರ ಸ್ವಲ್ಪ ಸಲಿಗೆ. ಒಂದು ದಿನ ನಾವು ಆಡುತ್ತಿದ್ದಾಗ ಮೊಬೈಲ್ ಹಿಡಿದುಕೊಂಡು ಮೀಟಿಂಗ್ ರೂಮಿನ ಬಾಗಿಲಲ್ಲಿ ನಿಂತರು.

“ಸರ್, ನೀವು ಫೋಟೋ ನೋಡಿ ಊರು ಹೇಳ್ತೀರಲ್ರೀ. ಇದೊಂದು ಹೇಳ್ರಿ. ನನ್ನ ತಂಗಿ ಅದಾಳ, ಇಲ್ಲೇ ಹೈದರಾಬಾದಿಗೆ ಗೌಂಡಿ ಕೆಲಸಕ್ಕ ಬಂದಾಳ. ದಿನ ತುಂಬ್ಯಾವ್ರಿ ಆಕಿಗೆ. ಗಂಡ ಊರಾಗ ಅದಾನ. ಮೇಸ್ತ್ರಿ ಮಂದೀನೆಲ್ಲಾ ಬ್ಯಾರೆ ಸೈಟಿಗೆ ಕರಕೊಂಡು ಹೋಗ್ಯಾನ, ಎಲ್ಲಿ ಅಂತ ಗೊತ್ತಿಲ್ಲ. ಮೊನ್ನೆ ಈ ಫೋಟೋ ಕಳಿಸಿದ್ಲು. ಆಮ್ಯಾಲಿಂದ ಫೋನ್ ಬಂದ್ ಐತ್ರಿ.”

ಫೋಟೋದಲ್ಲಿ ತುಂಬು ಬಸುರಿಯೊಬ್ಬಳು ರಸ್ತೆ ಬದಿಯಲ್ಲಿ ನಿಂತಿದ್ದಳು. ಹಿಂದೆ ತಗಡಿನ ಶೆಡ್ಡುಗಳು, ಕಬ್ಬಿಣದ ರಾಶಿ, ಪಂಕ್ಚರ್ ಅಂಗಡಿಯ ತೆಲುಗು ಬೋರ್ಡು. ಬೋರ್ಡಿನ ಮೇಲೆ ಅಂಗಡಿಯ ಫೋನ್ ನಂಬರ್ ಸ್ಪಷ್ಟವಾಗಿತ್ತು. ಅಕ್ಕನಿಗೆ ಅಕ್ಷರ, ಅಂಕಿ ಎರಡೂ ಬರುತ್ತಿರಲಿಲ್ಲ. ನಮಗೆ ಬರುತ್ತಿತ್ತಲ್ಲ!

ನಾವು ಮಾಡಿದ್ದೇನು ಕೇಳಿ. ಆ ಫೋಟೋವನ್ನು ದೊಡ್ಡ ಪರದೆಗೆ ಹಾಕಿದೆವು. ಒಬ್ಬ ಟೈಮರ್ ಒತ್ತಿದ. “ಆ ನಂಬರಿಗೆ ಫೋನ್ ಮಾಡಿದರೆ ಮುಗೀತಲ್ಲ,” ಎಂದು ಇನ್ನೊಬ್ಬ ಅಕ್ಕನಿಗೆ ತಿಳಿಯದ ಇಂಗ್ಲಿಷಿನಲ್ಲಿ ಅಂದ. “ಏಯ್, ಚೀಟಿಂಗ್!” ಎಂದು ಉಳಿದವರೆಲ್ಲ ಕೂಗಿದೆವು. ಎಲ್ಲರಿಗಿಂತ ದೊಡ್ಡ ಗಂಟಲು ನನ್ನದು. ಥೂ! ಆ ಹುಡುಗಿಯ ಹಿಂದಿದ್ದ ಕಂಬದ ಬಗ್ಗೆ ವಾದ ಮಾಡಿದೆವು, ಸಮೋಸದ ಪಂದ್ಯ ಕಟ್ಟಿದೆವು, ನಕ್ಕೆವು. ಅಕ್ಕ ಸೆರಗಿನ ತುದಿ ಹಿಂಡುತ್ತಾ ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದರು.

ಇನ್ನೂ ಇಪ್ಪತ್ತು ಸೆಕೆಂಡು ಉಳಿದಿರುವಾಗಲೇ ನಾನು “ಬಾಲಾನಗರ” ಎಂದೆ. ತಗಡು, ಕಬ್ಬಿಣ, ಕಾರ್ಖಾನೆ, ಇನ್ನೆಲ್ಲಿರುತ್ತದೆ? ಬಾಲಾನಗರವನ್ನು ನಾನು ನೋಡಿದ್ದು ಒಂದೇ ಸಲ, ಅದೂ ಕ್ಯಾಬಿನ ಕಿಟಕಿಯಿಂದ.

“ಖರೇನ್ರೀ ಸರ್?”

“ನೂರಕ್ಕೆ ನೂರು, ಅಕ್ಕ.”

ಅಕ್ಕ ಅಲ್ಲಿಂದಲೇ ಹೊರಟರು. ನಾವು ಇನ್ನೊಂದು ಸುತ್ತು ಆಡಿದೆವು.

ನಾಲ್ಕು ದಿನ ಅವರು ಕೆಲಸಕ್ಕೆ ಬರಲಿಲ್ಲ. ತಂಗಿ ಸಿಕ್ಕಳೇ ಎಂದು ಒಂದು ಫೋನ್ ಮಾಡಿ ಕೇಳೋಣ ಅಂತ ನನಗಾಗಲಿ, ಆ ನಾಲ್ವರಿಗಾಗಲಿ ಅನಿಸಲಿಲ್ಲ. ಕಪ್ಪು ಯಾರೂ ಸರಿಯಾಗಿ ತೊಳೆಯುತ್ತಿಲ್ಲ ಎಂದು ಮಾತ್ರ ಗೊಣಗಿದೆವು. ನಮ್ಮ ಜನ್ಮಕ್ಕಿಷ್ಟು ಬೆಂಕಿ ಹಾಕ!

ಐದನೆಯ ದಿನ ಅಕ್ಕ ಬಂದರು. ನಾನೇ ಪ್ಯಾಂಟ್ರಿಗೆ ಹೋಗಿ ಕೇಳಿದೆ.

“ಬಾಲಾನಗರ ಎಲ್ಲಾ ತಿರಗ್ಯಾಡಿದ್ನಿರಿ, ಹೊತ್ತು ಮುಳುಗೂತನ,” ಎಂದರು, ಕೈಯಲ್ಲಿದ್ದ ಕಪ್ಪು ತೊಳೆಯುತ್ತಲೇ. “ಅಲ್ಲೊಬ್ಬ ಚಾದಂಗಡಿ ಮುದುಕ ಫೋಟೋ ನೋಡಿದ. ಇದರಾಗ ನಂಬರ ಐತಲ್ಲವ್ವಾ ಅಂತ ತಾನ ಫೋನ್ ಹಚ್ಚಿ ಕೇಳಿದ. ಪಟಾನ್‌ಚೆರು ಅಂತ, ಊರ ಹೊರಗ ಭಾಳ ದೂರ. ಆಟೋ ಹಿಡದು ಹೋಗೂದ್ರಾಗ ಆಕಿ ಶೆಡ್ಡಿನಾಗ ಯಾರೂ ಇಲ್ದ ಒಬ್ಬಾಕೀನ ಹಡದಿದ್ಲು. ಮಧ್ಯಾಹ್ನಾನ ಬ್ಯಾನಿ ಸುರು ಆಗಿತ್ತಂತ್ರಿ. ತಂಗಿ ಉಳದಾಳ. ಕೂಸು ಉಳೀಲಿಲ್ಲ.”

ಬೈಯಲಿ, ಎರಡು ಬಾರಿಸಲಿ ಎಂದು ಕಾದು ನಿಂತೆ. ಅಕ್ಕ ಕಪ್ಪನ್ನು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡರು.

“ನೀವೇನ್ ಮಾಡ್ತೀರಿ ಬಿಡ್ರಿ ಸರ್. ನಂಬರ ನಿಮಗ ಕಂಡಿರ್ಲಿಕ್ಕಿಲ್ಲ.”

“ಹೂಂ, ಅಕ್ಕ. ಕಾಣಲಿಲ್ಲ,” ಎಂದೆ.

“ಚಾ ಮಾಡ್ಲೇನ್ರಿ?” ಎಂದು ಕೇಳಿದರು. ಮಾಡಿ ಅಂದೆ. ಕೊಟ್ಟರು. ನಿಂತುಕೊಂಡು ಪೂರ್ತಿ ಕುಡಿದೆ.