ಹೊಗೆ ತೂಗಲು ಬಂದವರಿಗೆ ಹೋಳಿಗೆ

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಒಲೆ ಕಟ್ಟಿಸುವ ನೌಕರಿ ಸಿಕ್ಕಿತು. ಲಿಂಗಸುಗೂರಿನಲ್ಲಿ ಆಫೀಸು, ಮಸ್ಕಿಯಲ್ಲಿ ಸಿಮೆಂಟು ಪೈಪುಗಳ ಗೋದಾಮು, ಸಂತೆಕಲ್ಲೂರಿನಲ್ಲಿ ನಾನು. ಓದಿದ್ದು ಇತಿಹಾಸ. ಒಲೆಗೂ ನನಗೂ ಅಲ್ಲಿಯವರೆಗೆ ಇದ್ದ ಸಂಬಂಧವೆಂದರೆ ತಾಟಿನ ಮುಂದೆ ಕೂತು ರೊಟ್ಟಿಯ ದಾರಿ ಕಾಯುವುದಷ್ಟೇ. ಇಂಥವನ ಕೈಯಿಂದ ಒಲೆ ಕಟ್ಟಿಸಿದರೆ ಮಾಳಿಗೆ ಬೆಂಕಿ ಹಿಡಿಯುತ್ತದೆಯೋ, ಪೈಪು ತೂರಿಸಿದ ಕಿಂಡಿಯಿಂದ ಮಳೆ ಸೋರುತ್ತದೆಯೋ ಎಂಬ ಎರಡು ಚಿಂತೆಗಳು ಮೊದಲ ದಿನವೇ ಹತ್ತಿಕೊಂಡವು. ಬೇಸಿಗೆಯಲ್ಲಿ ಮೊದಲನೆಯದು, ಮಳೆಗಾಲದಲ್ಲಿ ಎರಡನೆಯದು. ಚಳಿಗಾಲದಲ್ಲಿ ಎರಡೂ ಬಿಡುವು ಕೊಟ್ಟರೆ ನೌಕರಿಯ ಚಿಂತೆ.

ಯೋಜನೆ ಬಹಳ ಸರಳ. ಮಣ್ಣಿನ ಒಲೆ, ಎರಡು ಬಾಯಿ, ಹೊಗೆಯನ್ನು ಮಾಳಿಗೆಯ ಮೇಲಕ್ಕೆ ಒಯ್ಯುವ ಒಂದು ಪೈಪು. ಕಟ್ಟಿಗೆ ಕಡಿಮೆ ಉರಿಯುತ್ತದೆ, ಇಂಗಾಲ ಕಡಿಮೆಯಾಗುತ್ತದೆ, ಜಗತ್ತು ತಂಪಾಗುತ್ತದೆ. ದುಡ್ಡು ಪರದೇಶದ್ದು. ಲಿಂಗಸುಗೂರಿನ ನಮ್ಮ ಸಾಹೇಬರು ಇದನ್ನು ಓಣಿಯ ಕಟ್ಟೆಯ ಮೇಲೆ ನಿಂತು ಹೀಗೆ ವಿವರಿಸಿದ್ದರು: "ನಿಮ್ಮ ಒಲಿ ಹೊಗಿ ಮ್ಯಾಲೆ ಹೋಗಿ, ಸಮುದ್ರ ದಾಟಿ, ಅವರ ದೇಶಾನೂ ಬಿಸಿ ಮಾಡಾಕತ್ತೈತಿ."

ಕೆಳಗೆ ಕೂತಿದ್ದ ನನ್ನ ಮನೆಯ ಮಾಲಕಿ ತಲೆಯೆತ್ತಿ ಕೇಳಿದಳು: "ಅಲ್ರೀ ಸಾಹೇಬ್ರ, ನನ್ನ ಕಣ್ಣಿನಿಂದ ಹೊರಗ ಬಂದ್ರ ತಾನ ಅದು ಅಲ್ಲಿತನಕ ಹೋಗೋದು?"

ಆಕೆಯನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ಪಡಸಾಲೆಯ ಪಕ್ಕದ ಕೋಣೆ ನನಗೆ ಬಾಡಿಗೆ, ಊಟ ಆಕೆಯ ಕೈಯದು. ಹೆಣ್ಣುಮಕ್ಕಳು ಲಗ್ನವಾಗಿ ಹೋಗಿದ್ದರು, ಗಂಡ ಹೊತ್ತು ಹುಟ್ಟುವ ಮೊದಲೇ ಕುರಿ ಹೊಡೆದುಕೊಂಡು ಅಡವಿಗೆ ಹೋಗಿಬಿಡುವವನು. ಓಣಿಗೆ ಒಲೆ ಬಂದ ವರ್ಷ ಸಿಂಧನೂರಿನಲ್ಲಿ ಆಕೆಯ ಒಂದು ಕಣ್ಣಿನ ಪೊರೆ ತೆಗೆದಿದ್ದರು. ಡಾಕ್ಟರು ಕಪ್ಪು ಕನ್ನಡಕ ಹಾಕಿ ಕಳಿಸುವಾಗ ಬೆರಳೆತ್ತಿ ಹೇಳಿದ್ದರು: "ಹೊಗಿಯಾಗ ಕೂತು ಈ ಕಣ್ಣ ಕೆಡಿಸಿಕೊಂಡು ಬಂದ್ರ, ಇನ್ನೊಂದಕ್ಕ ನಾ ಕೈ ಹಚ್ಚಂಗಿಲ್ಲ ನೋಡವ್ವ." ಇನ್ನೊಂದು ಕಣ್ಣಿಗೆ ಹಗಲು ಯಾವುದು, ಕತ್ತಲು ಯಾವುದು ಅಷ್ಟೇ ತಿಳಿಯುತ್ತಿತ್ತು.

ಹೊಗೆ ಇಲ್ಲದ ಒಲೆ ಕಟ್ಟಿಸುವವನು ಮನೆಯಲ್ಲೇ ಇದ್ದಾನೆ, ಇನ್ನೇನು ಬೇಕು ಎಂದು ಓದುವವರಿಗೆ ಅನ್ನಿಸಬಹುದು. ಆದರೆ ಯೋಜನೆಗೆ ಹೋಲಿಕೆ ಬೇಕಿತ್ತು. ಓಣಿಯ ಮೂಡಣ ಬದಿಯ ಮನೆಗಳಿಗೆ ಹೊಸ ಒಲೆ, ಪಡುವಣ ಬದಿಯ ಮನೆಗಳು ಹಾಗೇ ಹೊಗೆಯಲ್ಲಿ ಇರಬೇಕು, ಫಲ ಕಂಡಮೇಲೆ ಎರಡನೆಯ ಕಂತಿನಲ್ಲಿ ಅವರಿಗೂ ಒಲೆ. ದೊಡ್ಡವ್ವನದು ಪಡುವಣ ಬದಿ. ಎದುರಿಗೇ, ಮೂಡಣ ಬದಿಯಲ್ಲಿ, ಆಕೆಯ ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ. ಅವಳಿಗೆ ಒಲೆ ಬಂತು.

"ಹೊತ್ತು ಹುಟ್ಟೋ ಕಡೀಗೆ ಒಲಿ, ಮುಳುಗೋ ಕಡೀಗೆ ಹೊಗಿ," ಎಂದು ದೊಡ್ಡವ್ವ ಒದ್ದೆ ಟವೆಲು ಮುಖಕ್ಕೆ ಕಟ್ಟಿಕೊಂಡು, ಕಣ್ಣು ಮುಚ್ಚಿ ರೊಟ್ಟಿ ಬಡಿಯುತ್ತಿದ್ದಳು. ನಾನು ಮಾಡುತ್ತೇನೆಂದು ಒಂದು ಸಲ ಕೂತೆ. ನುಚ್ಚು ತಳ ಹಿಡಿದು, ಗಡಿಗೆ ಕಪ್ಪಾಗಿ, ಹೊಗೆ ಎಂದಿಗಿಂತ ಹೆಚ್ಚಾಯಿತು. "ಏಳಪ್ಪಾ, ನೀ ಉಪಕಾರ ಮಾಡಿದ್ರ ನನ್ನ ಎರಡೂ ಕಣ್ಣ ಹೋಗ್ತಾವು," ಎಂದು ಎಬ್ಬಿಸಿದಳು. ಗೋದಾಮಿನಿಂದ ಒಂದು ಪೈಪು ತರೋಣವೆಂದರೆ ಬೀಗದ ಕೈ ಸಾಹೇಬರ ಸೊಂಟದಲ್ಲಿ. ಸಾಹೇಬರನ್ನು ಕೇಳಿದರೆ, "ಆಕಿಗೆ ಒಲಿ ಕೊಟ್ರ ಹೋಲಿಕಿ ಕೆಡತೈತಿ," ಎಂದರು.

ಒಲೆ ಕಟ್ಟುವ ಮೊದಲೇ ಪರದೇಶದಿಂದ ಒಬ್ಬ ಮೇಡಂ ಬಂದಿದ್ದರು, ಓಣಿಯವರು ಎಷ್ಟು ಕಟ್ಟಿಗೆ ಉರಿಸುತ್ತಾರೆ ನೋಡಲು. ಎತ್ತರದ, ಬಿಸಿಲಿಗೆ ಕೆಂಪಾದ, ಬಹಳ ಪ್ರಾಮಾಣಿಕ ಹೆಂಗಸು. ಕೈಯಲ್ಲಿ ಕೊಕ್ಕೆಯ ತಕ್ಕಡಿ. ಬೆಳಿಗ್ಗೆ ನೆಗೆಣ್ಣಿಯ ಮನೆಯ ಮುಂದಿನ ಜಾಲಿ ಕಟ್ಟಿಗೆಯ ಒಟ್ಟಿಲನ್ನು ತೂಗಿ ಬರೆದುಕೊಂಡರು. ಸಂಜೆ ಮತ್ತೆ ತೂಗುವುದು, ಕಡಿಮೆಯಾದಷ್ಟು ಉರಿದ ಲೆಕ್ಕ. ಅವರು ಬರೆದು ಪೆನ್ನು ಮುಚ್ಚುವುದಕ್ಕೂ ಓಣಿಯ ತುದಿಯ ಮನೆಯಲ್ಲಿ ಅಳು ಏಳುವುದಕ್ಕೂ ಸರಿಹೋಯಿತು. ಹಾಸಿಗೆ ಹಿಡಿದಿದ್ದ ಹಿರಿಯಜ್ಜ ತೀರಿಕೊಂಡಿದ್ದ.

ಓಣಿಯಲ್ಲಿ ಹೆಣ ಇರುವವರೆಗೆ ಯಾರ ಮನೆಯಲ್ಲೂ ಒಲೆ ಹೊತ್ತಿಸುವುದಿಲ್ಲ. ಅಜ್ಜನ ಮಕ್ಕಳು ಭತ್ತದ ಕೊಯ್ಲಿಗೆ ಮುಕ್ಕುಂದಕ್ಕೆ ಹೋಗಿದ್ದರು. ಸುದ್ದಿ ಮುಟ್ಟಿ, ಬಸ್ಸು ಸಿಕ್ಕಿ, ಅವರು ಬಂದು ಮಣ್ಣು ಕೊಡುವಷ್ಟರಲ್ಲಿ ಹೊತ್ತು ಇಳಿಯಿತು. ಅಲ್ಲಿಯವರೆಗೆ ಓಣಿಯಲ್ಲಿ ಒಂದು ಎಳೆ ಹೊಗೆಯಿಲ್ಲ. ಮಕ್ಕಳಿಗೆ ಮೇಗಳ ಓಣಿಯಿಂದ ಬುತ್ತಿ ಬಂತು. ಮೇಡಂ ಕಟ್ಟೆಯ ಮೇಲೆ ಕೂತು ಕಾದರು, ಪಕ್ಕದಲ್ಲಿ ಬೆವರುತ್ತ ನಾನು.

ಸಂಜೆ ಒಟ್ಟಿಲು ತೂಗಿದರೆ ಬೆಳಿಗ್ಗೆಗಿಂತ ಹೆಚ್ಚು! ಹೊಲದಿಂದ ಕಟ್ಟಿಗೆ ಹೊರೆ ಹೊತ್ತು ಬರುತ್ತಿದ್ದ ಹೆಂಗಸರು ಅಳು ಕೇಳಿದೊಡನೆ ಹೊರೆಗಳನ್ನು ಸಿಕ್ಕ ಒಟ್ಟಿಲ ಮೇಲೆ ಚೆಲ್ಲಿ ಸತ್ತವರ ಮನೆಗೆ ಓಡಿದ್ದರು. ಸಿಕ್ಕ ಒಟ್ಟಿಲು ನೆಗೆಣ್ಣಿಯದು.

"ಸಾಹೇಬ್ರ, ಇವತ್ತಿಂದು ಲೆಕ್ಕಕ್ಕ ಹಿಡೀಬ್ಯಾಡ್ರಿ ಅಂತ ಹೇಳ್ರಿ," ಎಂದು ಪಿಸುಗುಟ್ಟಿದೆ.

"ಹೇಳಿದ್ನೋ ಮಾರಾಯ. ಆಕಿ, ಕಂಡದ್ದು ಬರೀತೀನಿ ಅಂತಾಳ. ನಾಳೆ ವಿಮಾನ ಐತಂತ." ಸಾಹೇಬರ ಇಂಗ್ಲಿಷಿನಲ್ಲಿ ಸಾವಿನವರೆಗೆ ಹೋಗುವ ದಾರಿ ಇತ್ತು, ಸಾವಿನಿಂದ ಕಟ್ಟಿಗೆಗೆ ಬರುವ ದಾರಿ ಇರಲಿಲ್ಲ. ಹೀಗಾಗಿ, ಹಳೆಯ ಒಲೆಯ ಕಾಲದಲ್ಲಿ ಸಂತೆಕಲ್ಲೂರಿನ ಒಂದು ಸಂಸಾರ ದಿನವಿಡೀ ಅಡುಗೆ ಮಾಡಿಯೂ ಕಟ್ಟಿಗೆ ಬೆಳೆಯುತ್ತಿತ್ತೆಂದು ಸಮುದ್ರದಾಚೆ ದಾಖಲಾಯಿತು.

ಮುಂದಿನ ವರ್ಷ ಅದೇ ಮೇಡಂ ಹೊಸ ಒಲೆಯ ಫಲ ನೋಡಲು ಬರುವರೆಂದು ತಿಳಿಯಿತು. ಅಷ್ಟರಲ್ಲಿ ದೊಡ್ಡವ್ವನ ಕಣ್ಣಿನ ಆಪರೇಶನ್ ಆಗಿ, ಆಪರೇಶನ್ ಆದ ಕಣ್ಣು ಆಗಲೇ ಕೆಂಪಗಾಗತೊಡಗಿತ್ತು. ಎರಡನೆಯ ಕಂತು ಬಂದರೆ ಆಕೆಗೆ ಒಲೆ, ಒಲೆ ಬಂದರೆ ಕಣ್ಣು. ನಾನು ಊಟ ನಿದ್ದೆ ಬಿಟ್ಟು ಮೂಡಣ ಬದಿಯ ಮನೆಮನೆಗೆ ಹೋಗಿ ಹೇಳಿದೆ: ಮೇಡಂ ಬಹಳ ದೊಡ್ಡವರು, ಎಲ್ಲ ಅವರ ಕೈಯಲ್ಲಿದೆ, ಜರೂರು ಚೆನ್ನಾಗಿ ನೋಡಿಕೊಳ್ಳಬೇಕು. ದಿನದ ಅಡುಗೆಯನ್ನೇ ಮಾಡಿರಿ ಎಂದೂ ಹೇಳಿದೆ. ಆದರೆ ಮೊದಲಿನ ಮಾತು ಕೇಳಿದವರಿಗೆ ಕೊನೆಯ ಮಾತು ಕೇಳುವ ವ್ಯವಧಾನ ಉಳಿದಿರಲಿಲ್ಲ.

ಆ ದಿನ ಬೆಳಿಗ್ಗೆ ನೆಗೆಣ್ಣಿಯ ಮನೆಗೆ ಹೋದರೆ ದೊಡ್ಡ ಪಾತ್ರೆಯಲ್ಲಿ ಕಡ್ಲಿಬ್ಯಾಳಿ ಕುದಿಯುತ್ತಿದೆ. ಪಕ್ಕದಲ್ಲಿ ಬೆಲ್ಲ, ಏಲಕ್ಕಿ.

"ಏನಿದು ಚಿಗವ್ವ?"

"ಹೋಳಿಗಿ."

"ರೊಟ್ಟಿ, ಪುಂಡಿಪಲ್ಯ ಮಾಡ್ರಿ ಅಂದಿದ್ನಲ್ಲ!"

"ಸಮುದ್ರ ದಾಟಿ ಬಂದಾಕಿಗೆ ಪುಂಡಿಪಲ್ಯ ಹಾಕಿ ಕಳಸ್ಲೇನು? ಹೋದ ಸಲ ಪಾಪ ಉಪವಾಸ ಕುಂತು ಹೋಗ್ಯಾಳ. ಓಣಿ ಮಂದಿ ನನ್ನ ಮಾರಿಗೆ ಏನಂದಾರು?"

"ಕಟಿಗಿ ತೂಗ್ತಾಳಬೇ ಆಕಿ!"

"ತೂಗಲಿ. ಕಟಿಗಿಗೇನು ಬರ ಬಂದೈತಿ? ನಮ್ಮ ಮನಿ ಖಾಲಿ ಇಲ್ಲ ಅಂತ ತಿಳೀಲಿ."

ಉಣ್ಣುವವರು ಮೇಡಂ ಒಬ್ಬರೇ ಅಲ್ಲವಲ್ಲ. ಹೋಳಿಗೆ ಆಗುತ್ತಿದೆ ಎಂದರೆ ಓಣಿಯೆಲ್ಲ ಉಣ್ಣಬೇಕು. ಹೊಸ ಒಲೆಯ ಎರಡೂ ಬಾಯಿ ಸಂಜೆಯವರೆಗೆ ಉರಿದವು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ, ಮತ್ತೆ ಹೋಳಿಗೆ. ಒಟ್ಟಿಲು ಕಣ್ಣೆದುರೇ ಕರಗಿತು. ಪಕ್ಕದ ಮನೆಯವರು ಮರ್ಯಾದೆ ಕಾಪಾಡಲು ತಮ್ಮ ತೊಗರಿಕಟ್ಟಿಗೆಯನ್ನೂ ತಂದು ಒಲೆಗೆ ಹಾಕಿದರು. ಮೇಡಂ ತಕ್ಕಡಿ ಹಿಡಿದು ನೆಲದ ಮೇಲೆ ಉಳಿದ ಸಿಬಿರುಗಳನ್ನು ನೋಡಿದರು. ಸಾಹೇಬರು ಆಕಾಶವನ್ನು ನೋಡಿದರು. ಹಳೆಯ ಒಲೆ ಕಟ್ಟಿಗೆ ಬೆಳೆಯುತ್ತಿತ್ತು, ಹೊಸ ಒಲೆ ಅಡವಿಯನ್ನೇ ನುಂಗಿತ್ತು. ಮೂರು ಹೋಳಿಗೆ ಉಂಡಿದ್ದ ನಾನು ನಾಲ್ಕನೆಯದನ್ನು ತಾಟಿಗೆ ವಾಪಸಿಟ್ಟೆ.

ಅನ್ನದ ಪಾಲು ದೊಡ್ಡವ್ವನದು. ಎದುರಿನ ಒಲೆಯಲ್ಲಿ ಜಾಗವಿಲ್ಲವೆಂದು ತನ್ನ ಹಳೆಯ ಒಲೆಯ ಮೇಲೆ ಹಂಡೆಯಿಟ್ಟಿದ್ದಳು. ಹೋಲಿಕೆಗೆ ಪಡುವಣ ಬದಿಯನ್ನೂ ನೋಡುತ್ತೇನೆಂದು ಮೇಡಂ ಬಗ್ಗಿ ಒಳಗೆ ಹೋದರು. ನಾನು ಹೊರಗೆ ನಿಂತೆ. ಒಳಗೆ ಕೆಮ್ಮು ಕೇಳಿತು, ದೊಡ್ಡವ್ವನದಲ್ಲ. ಸ್ವಲ್ಪ ಹೊತ್ತಿಗೆ ಮೇಡಂ ಗೋಡೆ ತಡವುತ್ತ ಹೊರಗೆ ಬಂದು ಕಟ್ಟೆಯ ಮೇಲೆ ಕುಸಿದರು. ಕಣ್ಣಿಂದ ಧಾರೆಧಾರೆ ನೀರು, ಮೂಗು ಕೆಂಪು, ಬಿಕ್ಕು.

ಓಣಿಯ ಹೆಂಗಸರಿಗೆ ಅರ್ಥವಾಗಲು ತಡವಾಗಲಿಲ್ಲ. ಹೋದ ವರ್ಷ ಈಕೆ ಬಂದ ದಿನವೇ ಅಜ್ಜ ಹೋಗಿದ್ದ, ಈಗ ನೆನಪಾಗಿದೆ. ಅಜ್ಜನ ಸೊಸೆ ಬಂದು ಪಕ್ಕದಲ್ಲಿ ಕೂತು ಬೆನ್ನು ಸವರಿದಳು: "ಅಳಬ್ಯಾಡ ನನ್ನವ್ವ, ತುಂಬಿದ ವಯಸ್ಸಿಗೆ ಹೋಗ್ಯಾನ." ಹಾಗೆ ಹೇಳುತ್ತ ತಾನೂ ಅತ್ತಳು. ಅವಳನ್ನು ಕಂಡು ಇನ್ನಿಬ್ಬರು. ಹೋಳಿಗೆಯ ಕೈ ತೊಳೆಯದೆ ಅರ್ಧ ಓಣಿ ದನಿ ತೆಗೆದು ಅತ್ತಿತು. ಮೇಡಂ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಯಾರೋ ಅವರ ತಲೆಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು.

ದೊಡ್ಡವ್ವ ಬಾಗಿಲಿಗೆ ಬಂದು ಟವೆಲು ಬಿಚ್ಚಿದಳು. "ಯಾಕ್ರೇ, ಯಾರು ಹೋದ್ರು?"

"ಯಾರೂ ಇಲ್ಲಬೇ, ಈಕಿಗೆ ನಿನ್ನ ಹೊಗಿ ಹತ್ತೈತಿ," ಎಂದೆ.

"ಅಷ್ಟಕ್ಕ? ದಿನಾ ಎರಡು ಹೊತ್ತು ನಾ ಹಿಂಗ ಕುಂತ್ರ ಒಬ್ಬರೂ ಅಳಾಕ ಬರಲಿಲ್ಲಲ್ಲ!" ಎಂದಳು. ನಗಲಿಲ್ಲ. ಮೇಡಂ ಮುಖ ಒರೆಸಿಕೊಂಡು ಆಕೆಯ ಕಪ್ಪು ಕನ್ನಡಕವನ್ನೇ ನೋಡಿದರು. ಸಾಹೇಬರ ಕಡೆ ತಿರುಗಿ ಏನೋ ಕೇಳಿದರು. ಸಾಹೇಬರು ನನ್ನನ್ನು ಕೇಳಿದರು. ನಾನು ಸಿಂಧನೂರಿನ ಡಾಕ್ಟರು ಹೇಳಿದ್ದನ್ನು, ಇನ್ನೊಂದು ಕಣ್ಣಿನ ಸಂಗತಿಯನ್ನು ಹೇಳಿದೆ. ಅದು ಯಾವ ಇಂಗ್ಲಿಷಾಗಿ ಅವರಿಗೆ ಮುಟ್ಟಿತೋ. ಮೇಡಂ ಮತ್ತೆ ಎದುರು ಮನೆಯ ಅಡುಗೆಮನೆಗೆ ಹೋಗಿ ಉರಿಯುವ ಹೊಸ ಒಲೆಯ ಮುಂದೆ ಕೂತರು. ಬಹಳ ಹೊತ್ತು ಕೂತರು. ಕೆಮ್ಮು ಬರಲಿಲ್ಲ.

ಅವರು ಹೋದ ಮೇಲೆ, ನೌಕರಿ ಹೋಯಿತೆಂದೇ ತಿಳಿದು, ನಾನು ಟ್ರಂಕು ಕಟ್ಟಿಟ್ಟೆ. ದೊಡ್ಡವ್ವನ ಮುಂದೆ ಕೂತು ಉಣ್ಣಲು ಮುಖವಿಲ್ಲದೆ ಮಸ್ಕಿಯ ಖಾನಾವಳಿಗೆ ಹೋಗತೊಡಗಿದೆ. ಅಲ್ಲಿಯ ಒಲೆಯೂ ಹೊಗೆಯದೇ. ಹುರಳಿ ಕಟಾವಿನ ಹೊತ್ತಿಗೆ ಸಾಹೇಬರು ಮೋಟಾರ್ ಸೈಕಲ್ಲಿನಲ್ಲಿ ಬಂದರು, ಹಿಂದೆ ಒಂದು ಟ್ರ್ಯಾಕ್ಟರ್ ತುಂಬ ಪೈಪು.

"ಎರಡನೇ ಕಂತು ಬಂತಲೇ! ಕಟಿಗಿ ಲೆಕ್ಕ ಅವರಿಗೂ ತಿಳಿವಲ್ದಂತ. ಇನ್ಮ್ಯಾಲೆ ಕಣ್ಣು, ಕೆಮ್ಮು, ಕಟಿಗಿ ತರಾಕ ಹೋಗೋ ಹುಡಿಗೇರ ಸಾಲಿ, ಎಲ್ಲಾನೂ ನೋಡ್ಬೇಕಂತ. ನಾನ ತಿಳಿಸಿ ಹೇಳಿದ್ದೆ ಆಕಿಗೆ."

ಹಾಗೆ ಆಕಾಶದ ಜೊತೆಗೆ ಅಡುಗೆ ಮಾಡುವವರೂ ಯೋಜನೆಯೊಳಗೆ ಬಂದರು. ಇನ್ನು ಕೆಮ್ಮನ್ನು ಯಾವ ತಕ್ಕಡಿಯಲ್ಲಿ ತೂಗುವುದೆಂಬ ಹೊಸ ಚಿಂತೆ ನನಗೆ ಅಲ್ಲೇ ಶುರುವಾಯಿತು. ಆದರೆ ಮೊದಲ ಪೈಪನ್ನು ಹೊತ್ತು ದೊಡ್ಡವ್ವನ ಮಾಳಿಗೆ ಹತ್ತಿದೆ.

ಒಲೆ ಒಣಗಿ, ಪೂಜೆಯಾಗಿ, ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಹೊಗೆ ಪೈಪಿನೊಳಗೆ ಹೋಯಿತು. ದೊಡ್ಡವ್ವ ಟವೆಲು ತೆಗೆದಳು, ಕನ್ನಡಕ ತೆಗೆದಳು, ಆಪರೇಶನ್ ಆದ ಕಣ್ಣನ್ನು ನಿಧಾನ ತೆರೆದು ತನ್ನ ಅಡುಗೆಮನೆಯನ್ನು ಸುತ್ತಲೂ ನೋಡಿದಳು. ನಾನು ಎರಡು ಒಳ್ಳೆಯ ಮಾತಿಗೆ ಕಾಯುತ್ತ ನಿಂತಿದ್ದೆ.

"ಅಯ್ಯ ಶಿವನ! ಈ ಗ್ವಾಡಿ ಯಾವಾಗಿಂದ ಹಿಂಗ ಕರ್ರಗ ಐತಿ? ಇಂಥಾದರಾಗ ಕುಂತು ಉಂಡೀರಿ, ಒಬ್ಬರರ ಬಾಯಿ ಬಿಟ್ಟೀರೇನು?"

ಗಂಡ ಕುರಿಗಳಿಗೆ ನೀರು ಕುಡಿಸಬೇಕೆಂದು ಎದ್ದು ಹೋದ. ಸುಣ್ಣದ ಬಕೀಟು ನನ್ನ ಕೈಗೆ ಬಂತು. ಏಣಿ ಹತ್ತಿ ಸಂಜೆಯವರೆಗೆ ಬಳಿದೆ. ಕೆಳಗೆ ಗೋಡೆಗೆ ಒರಗಿ ಕೂತ ಆಕೆ ಒಂದೇ ಕಣ್ಣಿನಿಂದ ನಾನು ಬಿಟ್ಟ ಜಾಗಗಳನ್ನು ತೋರಿಸುತ್ತಲೇ ಇದ್ದಳು.

"ಆ ಮೂಲ್ಯಾಗ ಬಿಟ್ಟಿ ನೋಡು. ಅಲ್ಲಲ್ಲ, ಮ್ಯಾಲ. ತಡಿ, ಇನ್ನೊಂದು ಕಣ್ಣ ಆಗ್ಲಿ, ನಿನ್ನ ಕ್ವಾಣಿ ನೋಡಾಕ ಬರ್ತೀನಿ."