ಹದಿನೇಳನೇ ನಂಬರಿನ ವೃದ್ಧೆ

ನಮ್ಮ ಮನೆಯ ಕಿಟಕಿಯೆದುರು ಎರಡು ತಿಂಗಳಿಂದ ಮರಳಿನ ಮೂಟೆಗಳು ರೈಲಿನಲ್ಲಿ ಓಡಾಡುತ್ತಿವೆ. ಕೊಚ್ಚಿಯ ಈ ಹೊಸ ಹಗುರ ರೈಲಿನ ಹಳಿ, ಕಂಬಗಳ ಮೇಲೆ, ನಮ್ಮ ಎರಡನೇ ಮಹಡಿಯ ಮಟ್ಟಕ್ಕೇ ಸರಿಯಾಗಿ ಹಾದುಹೋಗುವುದರಿಂದ, ಬೆಳಗಿನ ಕಾಫಿಯ ಲೋಟ ಹಿಡಿದು ನಿಲ್ಲುವ ನನಗೂ ಆ ಮೂಟೆಗಳಿಗೂ ಮುಖಪರಿಚಯವಾಗಿಬಿಟ್ಟಿದೆ. ಉದ್ಘಾಟನೆಗೆ ಮುನ್ನ ಗಾಡಿ ಎಷ್ಟು ಭಾರ ತಾಳುತ್ತದೆ, ಬ್ರೇಕು ಹಾಕಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ನೋಡಲು ಮನುಷ್ಯರ ಬದಲಿಗೆ ಮೂಟೆಗಳನ್ನು ಹೇರುತ್ತಾರಂತೆ. ಅವು ಕಿಟಕಿ ಪಕ್ಕದ ಸೀಟಿಗೆ ಜಗಳವಾಡುವುದಿಲ್ಲ, ಇಳಿಯುವ ಹೊತ್ತಿಗೆ ಚಪ್ಪಲಿ ಹುಡುಕುವುದಿಲ್ಲ, ಇಟ್ಟಲ್ಲಿ ಇರುತ್ತವೆ. ರೈಲಿನವರ ದೃಷ್ಟಿಯಲ್ಲಿ ಇದಕ್ಕಿಂತ ಆದರ್ಶ ಪ್ರಯಾಣಿಕರು ಭೂಮಂಡಲದಲ್ಲಿ ಸಿಗಲಾರರು. ನನಗೆ ಮಾತ್ರ ಅವುಗಳ ಮೇಲೆ ವಿಪರೀತ ಹೊಟ್ಟೆಕಿಚ್ಚು, ಏಕೆಂದರೆ ಅಚೇತನ ವಸ್ತುಗಳು ಊರು ಸುತ್ತುತ್ತಿದ್ದರೆ ಸಚೇತನಳಾದ ನಾನು ಸೋಫಾದ ಮೇಲೆ ಮೂಟೆಯಾಗಿದ್ದೆ.

ಕಾರಣ, ನನ್ನ ಎಡ ಮೊಣಕಾಲು. ಕಳೆದ ವರ್ಷ ಅದರ ಶಸ್ತ್ರಚಿಕಿತ್ಸೆಯಾಯಿತು. ಮೊಣಕಾಲು ಕ್ರಮೇಣ ಸುಧಾರಿಸಿತು. ಸುಧಾರಿಸದೆ ಉಳಿದದ್ದು ನನ್ನ ಮಗಳು ವಿದ್ಯಾಳ ಭಯ. ಇಲ್ಲೇ ಹುಟ್ಟಿ ಬೆಳೆದ ಆಕೆಗೆ ನನ್ನ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ, ಮತ್ತು ಈಚೆಗೆ ಆ ಉತ್ತರ ಒಂದೇ: "ಅಮ್ಮ ಒಟ್ಟೈಕ್ಕು ಪೋಕೇಂಡಾ." ಒಬ್ಬಳೇ ಹೋಗಬೇಡ ಎಂದರ್ಥ. ನಾನು ಹೋಗಬೇಕೆಂದು ಹಟ ಹಿಡಿದದ್ದು ಯಾವ ದಿಗ್ವಿಜಯಕ್ಕೂ ಅಲ್ಲ. ಪ್ರತಿ ಗುರುವಾರ ಸಂಜೆ ವೈಟ್ಟಿಲದ ಬಸ್ ನಿಲ್ದಾಣದ ಬಳಿಯ ಒಂದು ಚಹಾದಂಗಡಿಯಲ್ಲಿ ನಾವು ನಾಲ್ಕು ಜನ, ಬ್ಯಾಂಕು-ಕಚೇರಿಗಳಿಂದ ನಿವೃತ್ತರಾದ ಕರ್ನಾಟಕದ ಹೆಂಗಸರು, ಸೇರುತ್ತಿದ್ದೆವು. ಒಂದು ಗಂಟೆ ಕನ್ನಡದಲ್ಲಿ ಯಾರನ್ನಾದರೂ ಆಡಿಕೊಳ್ಳುವುದು, ಅಷ್ಟೇ ಕಾರ್ಯಕ್ರಮ. ಮೂವತ್ತು ವರ್ಷ ಪರಭಾಷೆಯಲ್ಲಿ ಸೌಜನ್ಯದಿಂದ ಬಾಳಿದವಳಿಗೆ ವಾರಕ್ಕೊಂದು ಗಂಟೆ ಸ್ವಭಾಷೆಯಲ್ಲಿ ಅಸೌಜನ್ಯ ಬೇಕಾಗುತ್ತದೆ. ಕಾಲು ಕುಯ್ಸಿಕೊಂಡ ಮೇಲೆ ಆ ಗಂಟೆ ತಪ್ಪಿಹೋಗಿತ್ತು. ಹೊಸ ರೈಲು ನಮ್ಮ ಮನೆಯ ಪಕ್ಕದಿಂದ ನೇರ ವೈಟ್ಟಿಲಕ್ಕೆ ಹೋಗುತ್ತದೆ, ಹತ್ತಲು ಲಿಫ್ಟು, ಇಳಿಯಲು ಲಿಫ್ಟು. ಹೀಗಾಗಿ ಇಡೀ ನಗರದಲ್ಲಿ ಆ ರೈಲಿಗಾಗಿ ನನ್ನಷ್ಟು ಕಾದವರು ಬೇರೆ ಯಾರೂ ಇರಲಾರರು.

ಅಷ್ಟರಲ್ಲಿ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ಮ್ಯಾಥ್ಯೂ ಸಾರ್ ಬಂದು, ರೈಲಿನವರು ಅಣಕು ತೆರವು ನಡೆಸುತ್ತಾರೆಂದೂ, ಅದಕ್ಕೆ ಎಲ್ಲ ವಯಸ್ಸಿನ ಅರವತ್ತು ಜನ ಬೇಕೆಂದೂ ಹೇಳಿದರು. ಗಾಡಿ ಎರಡು ನಿಲ್ದಾಣಗಳ ನಡುವೆ ಕೆಟ್ಟು ನಿಂತರೆ ಜನರನ್ನು ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆಸಿ ನಿಲ್ದಾಣಕ್ಕೆ ಮುಟ್ಟಿಸುವ ಅಭ್ಯಾಸವದು. ಜೊತೆಗೆ ಸಾರ್ ಇನ್ನೊಂದು ಮಾತು ಹಾಕಿದರು: ಅಂದು ವಯಸ್ಸಾದವರಿಂದ ತೊಂದರೆಯಾದರೆ, "ಹಿರಿಯರು ಜೊತೆಗಾರರೊಂದಿಗೇ ಪ್ರಯಾಣಿಸತಕ್ಕದ್ದು" ಎಂಬ ಫಲಕ ಎಲ್ಲ ನಿಲ್ದಾಣಗಳಲ್ಲೂ ಬೀಳುವ ಸಂಭವವಿದೆ. ಅಂಥ ಫಲಕ ಬಿದ್ದರೆ ನಮ್ಮ ವಿದ್ಯಾ ಅದಕ್ಕೆ ಹೂವಿನ ಹಾರ ಹಾಕಿ ಬಂದಾಳು. ನಾನು ಆ ಕ್ಷಣವೇ ಹೆಸರು ಕೊಟ್ಟೆ.

ಆ ಬೆಳಿಗ್ಗೆ ನಿಲ್ದಾಣದಲ್ಲಿ ಪ್ರತಿಯೊಬ್ಬರ ಕೊರಳಿಗೂ ಒಂದು ಚೀಟಿ ನೇತುಹಾಕಿದರು. ಒಬ್ಬಳು ಗರ್ಭಿಣಿ, ಒಬ್ಬ ದಾರಿ ತಿಳಿಯದ ಬೇರೆ ಊರಿನವ, ಒಬ್ಬ ಗಾಬರಿಯಾಗಿ ಕಿರುಚುವವ. ಈ ಕೊನೆಯ ಪಾತ್ರ ಮ್ಯಾಥ್ಯೂ ಸಾರ್‌ಗೆ ಸಿಕ್ಕಿ ಅವರು ಧನ್ಯರಾದರು. ನನ್ನ ಚೀಟಿಯಲ್ಲಿ ಹೀಗಿತ್ತು: ನಂಬರ್ ಹದಿನೇಳು, ವೃದ್ಧೆ, ನಡೆಯಲಾರಳು, ಸ್ಟ್ರೆಚರ್. ಮನೆಯಿಂದ ನಿಲ್ದಾಣಕ್ಕೆ ನನ್ನ ಎರಡು ಕಾಲ ಮೇಲೆ ನಡೆದು ಬಂದವಳ ಕೊರಳಲ್ಲಿ ಅದನ್ನು ಕಂಡು ನನಗೆ ಮೈ ಉರಿದುಹೋಯಿತು.

ಗಾಡಿ ಹೊರಟು, ಸ್ವಲ್ಪ ದೂರ ಹೋಗಿ, ಯೋಜನೆಯಂತೆ ಕೆಟ್ಟು ನಿಂತಿತು. ಬಾಗಿಲ ಪಕ್ಕದಲ್ಲೇ ನನ್ನ ಸೀಟು. ಬಾಗಿಲು ತೆರೆದ ಕೂಡಲೇ ಹಳದಿ ಜಾಕೆಟ್ಟಿನ ನಾಲ್ಕು ಕಟ್ಟುಮಸ್ತಾದ ಗಂಡಸರು ಸ್ಟ್ರೆಚರ್ ಹಿಡಿದು ನನ್ನ ಮುಂದೆ ಹಾಜರಾದರು. "ಅಮ್ಮ ಕಿಡಕ್ಕೂ, ಞಙ್ಙಳ್ ಎಡುತ್ತೋಳಾಂ." ನೀವು ಮಲಗಿ, ನಾವು ಎತ್ತಿಕೊಳ್ಳುತ್ತೇವೆ ಎಂದು ಪ್ರೀತಿಯಿಂದಲೇ ಕರೆದರು. ನಾನು ಎದ್ದುನಿಂತು, ನಡೆದೇ ಹೋಗುತ್ತೇನೆಂದೆ. ಕೈಯಲ್ಲಿ ಸಮಯ ಅಳೆಯುವ ಗಡಿಯಾರ ಹಿಡಿದಿದ್ದ ಅನೂಪ್ ಎಂಬ ಯುವ ಎಂಜಿನಿಯರು ಓಡಿಬಂದು ಚೀಟಿ ತೋರಿಸಿದ. ನಿಮ್ಮ ಚೀಟಿ ನಡೆಯಲಾರದಿರಬಹುದು, ನಾನು ನಡೆಯುತ್ತೇನೆ ಎಂದೆ. ಹಾಗಾದರೆ ಎಲ್ಲರೂ ಹೋದ ಮೇಲೆ ಕೊನೆಯಲ್ಲಿ ಬನ್ನಿ ಅಮ್ಮ ಎಂದ, ಅಂಗಲಾಚುವ ದನಿಯಲ್ಲಿ. ನಿಜಕ್ಕೂ ಹೊಗೆ ತುಂಬಿದ ದಿನ ಬಾಗಿಲ ಪಕ್ಕ ಕುಳಿತವಳು ಯಾಕಪ್ಪಾ ಕೊನೆಯವಳಾಗಬೇಕು ಎಂದು ಕೇಳಿದೆ. ನಿಜವಾಗಿ ಗಾಡಿ ಕೆಟ್ಟ ದಿನ ಒಬ್ಬೊಬ್ಬ ಮುದುಕಿಗೂ ನಾಲ್ಕು ನಾಲ್ಕು ಜನ ಬಾಗಿಲಲ್ಲಿ ಕಾಯುತ್ತಿರುತ್ತಾರೆಯೇ ಎಂದೂ ಕೇಳಿದೆ. ಅವನು ಗಡಿಯಾರ ನೋಡಿಕೊಂಡ. ಹಿಂದಿದ್ದವರು ಗೊಣಗತೊಡಗಿದರು.

ಆ ಗೊಣಗು ನನಗೆ ಚೆನ್ನಾಗಿ ಪರಿಚಿತ. ಒಂದು ಕಾಲದಲ್ಲಿ ನಾನೇ ಅದರ ಮುಖ್ಯ ಗಾಯಕಿಯಾಗಿದ್ದೆ. ಮಟ್ಟಾಂಚೇರಿಯ ಬ್ಯಾಂಕು ಶಾಖೆಯಲ್ಲಿ ನಾನು ಕೌಂಟರಿನಲ್ಲಿದ್ದಾಗ ಪ್ರತಿ ತಿಂಗಳು ಪಿಂಚಣಿಗೆ ಒಬ್ಬ ಅಜ್ಜಿ ಬರುತ್ತಿದ್ದರು. ಕೈ ನಡುಗುತ್ತಿತ್ತು. ಒಂದು ಸಹಿ ಹಾಕಲು ಆಕೆ ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ನಾನು ಅರ್ಧ ಕಾದಂಬರಿ ಓದಬಹುದಿತ್ತು. ಒಮ್ಮೆ ಸಾಲು ಬಾಗಿಲಾಚೆಗೂ ಬೆಳೆದಾಗ ನಾನು ಪರೋಪಕಾರದ ಮುಖ ಮಾಡಿಕೊಂಡು ಆಕೆಯ ಕೈಯಿಂದ ಪೆನ್ನು ತೆಗೆದುಕೊಂಡು ಹೆಬ್ಬೆಟ್ಟಿನ ಮಸಿಡಬ್ಬಿ ಮುಂದೆ ಸರಿಸಿದೆ. ಆಕೆ ನನ್ನ ಬೆರಳುಗಳ ನಡುವಿನಿಂದ ಪೆನ್ನನ್ನು ಹಿಂದಕ್ಕೆ ಎಳೆದುಕೊಂಡು, ಮಲಯಾಳದ ಒಂದೊಂದೇ ಅಕ್ಷರ ಬರೆದು, ಕೊನೆಗೆ ಒಂದು ಚುಕ್ಕೆಯನ್ನೂ ಇಟ್ಟರು. ಎಂಥ ಹಟಮಾರಿ ಮುದುಕಿ ಎಂದು ಅಂದು ಮನೆಯಲ್ಲಿ ಹೇಳಿ ನಕ್ಕಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಜ್ಜಿಯ ಕತೆ ಹೇಳಿದ ಆ ದಿನ ನಮ್ಮ ಯಜಮಾನರು ನನ್ನ ಜೊತೆ ನಗಲಿಲ್ಲ. ಕೊಚ್ಚಿಗೆ ಬರುವ ಮೊದಲು ಅವರು ತಿರುವನಂತಪುರದ ಬಳಿ ತುಂಬಾ ಎಂಬಲ್ಲಿ, ರಾಕೆಟ್ಟು ಹಾರಿಸುವವರ ಕಚೇರಿಯಲ್ಲಿ, ಕಡತ ನೋಡುವ ಗುಮಾಸ್ತರಾಗಿದ್ದವರು. ಅಲ್ಲಿ ಎಲ್ಲ ಸಿದ್ಧವಾಗಿ ಹಿಮ್ಮುಖ ಎಣಿಕೆ ಶುರುವಾದ ಮೇಲೂ ಯಾರೋ ಒಬ್ಬ ತಂತ್ರಜ್ಞ ಒಂದು ಚಿಕ್ಕ ತಿರುಪಿನ ಮೇಲೆ ಅನುಮಾನವಿದೆ ಎಂದು ಕೈಯೆತ್ತಿದರೆ ಎಣಿಕೆ ನಿಲ್ಲುತ್ತಿತ್ತಂತೆ. ದೊಡ್ಡ ದೊಡ್ಡ ವಿಜ್ಞಾನಿಗಳು ಊಟ ಬಿಟ್ಟು ಆ ತಿರುಪಿಗಾಗಿ ಕಾಯುತ್ತಿದ್ದರಂತೆ. "ಅಲ್ಲಿ ಎಣಿಕೆ ನಿಲ್ಲಿಸಿದವನನ್ನ ಯಾರೂ ಬೈಯೋದಿಲ್ಲ ಕಣೇ," ಎಂದಿದ್ದರು. ಈಗ ರೈಲಿನ ಬಾಗಿಲಲ್ಲಿ ನಿಂತು ನಾನು ಯೋಚಿಸಿದೆ: ಒಂದು ತಿರುಪಿಗೆ ಸಿಗುವ ಮರ್ಯಾದೆ ನನ್ನ ಮೊಣಕಾಲಿಗೆ ಯಾಕೆ ಸಿಗಬಾರದು?

ಕಾಲುದಾರಿಗೆ ಇಳಿದೆ. ಒಂದು ಬದಿ ಗಾಡಿ, ಇನ್ನೊಂದು ಬದಿ ಕಂಬಿ, ನಡುವೆ ಒಬ್ಬರು ಮಾತ್ರ ನಡೆಯುವಷ್ಟು ಜಾಗ. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ನನ್ನನ್ನು ದಾಟಿ ಮುಂದೆ ಹೋಗಲು ಯಾರಿಗೂ ಸಾಧ್ಯವಿರಲಿಲ್ಲ. ಕಂಬಿ ಹಿಡಿದು ಬಲಗಾಲು ಮುಂದಿಟ್ಟೆ, ಎಡಗಾಲನ್ನು ಅದರ ಪಕ್ಕಕ್ಕೆ ತಂದೆ, ಮತ್ತೆ ಬಲಗಾಲು. ನನ್ನ ಹಿಂದೆ ಗರ್ಭಿಣಿ, ಬೇರೆ ಊರಿನವ, ಕಾಲೇಜು ಹುಡುಗಿಯರು, ಎಲ್ಲರೂ ನನ್ನ ವೇಗಕ್ಕೇ ಬಂದರು. ಕಿರುಚುವ ಪಾತ್ರದ ಮ್ಯಾಥ್ಯೂ ಸಾರ್ ಸ್ವಲ್ಪ ದೂರ ಕಿರುಚಿ ಸುಸ್ತಾಗಿ ಸುಮ್ಮನಾದರು. ಅರ್ಧ ದಾರಿಯಲ್ಲಿ ಹಿಂದಿನಿಂದ ಒಂದು ಹುಡುಗಿ ಮೆಲ್ಲಗೆ, "ಪದುಕ್ಕೆ ಮದಿ, ಅಮ್ಮೇ" ಎಂದಳು. ನಿಧಾನವೇ ಸಾಕು ಎಂದರ್ಥ. ಅಷ್ಟು ಹೊತ್ತು ಬಿಗಿಹಿಡಿದಿದ್ದ ನನ್ನ ಕಣ್ಣು ಆ ಎರಡು ಮಾತಿಗೆ ತುಂಬಿಬಂತು.

ಪ್ಲಾಟ್‌ಫಾರ್ಮು ಮುಟ್ಟಿ, ಕೊನೆಯವರೂ ಮೇಲೆ ಬಂದಾಗ ಅನೂಪ್ ಗಡಿಯಾರ ನಿಲ್ಲಿಸಿದ. ಅಂದುಕೊಂಡದ್ದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು ಹೊತ್ತಾಗಿತ್ತು. ಅವನ ಕೈಯ ವೈರ್‌ಲೆಸ್ಸಿನಲ್ಲಿ ಮೇಲಧಿಕಾರಿಯ ದನಿ ಎಲ್ಲರಿಗೂ ಕೇಳಿಸಿತು: ಹದಿನೇಳನೇ ನಂಬರನ್ನು ಬಿಟ್ಟು ಇನ್ನೊಮ್ಮೆ ಮಾಡಿಸಿ, ಆ ಸಮಯ ಬರೆದುಕೊಳ್ಳಿ. ಇನ್ನು ಆ ಫಲಕ ಬಿದ್ದಂತೆಯೇ ಎಂದುಕೊಂಡ ನನಗೆ ವೈಟ್ಟಿಲದ ಚಹಾದಂಗಡಿ ಕಣ್ಣೆದುರೇ ಮುಚ್ಚಿದಂತಾಯಿತು. ಅನೂಪ್ ನನ್ನ ಕಡೆ ನೋಡಿದ, ಆಮೇಲೆ ಹಳಿಯ ಕಡೆ ನೋಡಿದ, ಆಮೇಲೆ ವೈರ್‌ಲೆಸ್ ಬಾಯಿಗೆ ಹಿಡಿದು ಹೇಳಿದ: "ಅಮ್ಮ ನಡನ್ನಲ್ಲೋ, ಸಾರ್. ಸಮಯಂ ಮಾಟ್ಟಿಯಾಲ್ ಪೋರೇ?"

ಅಮ್ಮ ನಡೆದರಲ್ಲ ಸಾರ್, ನಾವು ಗೊತ್ತುಮಾಡಿದ ಸಮಯವನ್ನೇ ಬದಲಿಸಿದರೆ ಸಾಲದೇ ಎಂದು ಅವನು ಕೇಳಿದ್ದು. ಆ ಕಡೆಯಿಂದ ಗೊರಗೊರ ಸದ್ದಿನ ನಡುವೆ ಸರಿ ಬರೆದುಕೋ ಎಂಬ ಮಾತು ಬಂತು. ಅವನು ನನ್ನ ನಡಿಗೆಯ ಹೊತ್ತನ್ನೇ ಬರೆದುಕೊಂಡ, ನಾನು ಪಕ್ಕದಲ್ಲೇ ನಿಂತು ಅವನು ಬರೆಯುವುದನ್ನು ನೋಡಿದೆ. ನಿಜ ಹೇಳುತ್ತೇನೆ ಓದುಗರೇ, ಆ ಹೊತ್ತಿಗೆ ನನ್ನ ಎಡ ಮೊಣಕಾಲು ಗಡಗಡ ನಡುಗುತ್ತಿತ್ತು, ಇನ್ನು ಹತ್ತು ಹೆಜ್ಜೆಯಾಗಿದ್ದರೆ ನಾನೇ ಸ್ಟ್ರೆಚರ್ ಕೇಳುತ್ತಿದ್ದೆನೇನೋ. ಇದನ್ನು ವಿದ್ಯಾಳಿಗೆ ಹೇಳಿಲ್ಲ, ನೀವೂ ಹೇಳಬೇಡಿ. ಬರುವ ತಿಂಗಳು ಗಾಡಿ ಶುರುವಾಗುತ್ತದೆ, ಮೊದಲ ಗುರುವಾರ ನಾನು ಒಬ್ಬಳೇ ಹೋಗುತ್ತೇನೆ.