ಬೇರಿಗೆ ಇಟ್ಟ ತಣ್ಣೀರು

ಮೇ ತಿಂಗಳ ಮಧ್ಯಾಹ್ನ ಹೋಟಗಿ ಸ್ಟೇಶನ್ನಿನಿಂದ ನಡೆದು ಬಂದ ಶಿವಶರಣಪ್ಪ ಮಾಸ್ತರರು, ಭೀಮಶಾ ಮಾಮಾನ ಅಂಗಳದಲ್ಲಿ ಹಸಿ ಗೋಣಿತಟ್ಟು ಸುತ್ತಿದ ಮಣ್ಣಿನ ಹರವಿ ಕಂಡು, ಯಾರನ್ನೂ ಕೇಳದೆ ಒಂದು ತಂಬಿಗೆ ನೀರೆತ್ತಿ ಗಟಗಟ ಕುಡಿದರು. ಕುಡಿದದ್ದಷ್ಟೂ ಹೊಸ ಧೋತರದ ಮೇಲೆ ವಾಪಸು ಬಂತು. "ಏ ಮಾಸ್ತರ, ಅದು ಗಿಡದ ಊಟ ಅದಪಾ!" ಎಂದು ಮಾಮಾನ ಹೆಂಡತಿ ಸೋನಾಬಾಯಿ ಅತ್ತೆ ಹೊಸ್ತಿಲಲ್ಲೇ ಬಿದ್ದು ಬಿದ್ದು ನಕ್ಕಳು. ಮಣ್ಣಿಲ್ಲದೆ, ತೊಟ್ಟಿಯಂಥ ತಗಡಿನ ದೋಣಿಯಲ್ಲಿ ಜಲ್ಲಿಕಲ್ಲು ತುಂಬಿ, ಗೊಬ್ಬರದ ಉಪ್ಪು ಕರಗಿಸಿದ ನೀರುಣಿಸಿ ಟೊಮ್ಯಾಟೊ ಬೆಳೆಯುವುದು ರೈಲ್ವೆಯಿಂದ ನಿವೃತ್ತನಾದ ಮಾಮಾನ ಹುಚ್ಚು. ಹೋದ ಬೇಸಿಗೆಯಲ್ಲಿ ಆ ನೀರು ಕಾದು ಬೇರು ಬೆಂದಾಗ, "ಭೀಮಶಾ ಗಿಡದ್ದ ಸಾರ ಮಾಡ್ಯಾನ" ಎಂದು ಊರೇ ನಕ್ಕಿತ್ತು. ಅಂದಿನಿಂದ ಅವನು, ಬಾಣಂತಿಯನ್ನು ಬೆಚ್ಚಗಿಡುವ ಆಸ್ಥೆಯಲ್ಲಿ, ಬೇರುಗಳನ್ನು ತಣ್ಣಗಿಡುತ್ತಾನೆ: ದೋಣಿಗೆ ಸುಣ್ಣ ಬಳಿಯುತ್ತಾನೆ, ತಟ್ಟು ತೋಯಿಸಿ ಹೊದಿಸುತ್ತಾನೆ, ಗಳಿಗೆಗೊಮ್ಮೆ ಮೊಣಕೈ ಅದ್ದಿ ನೀರಿನ ಜ್ವರ ನೋಡುತ್ತಾನೆ. "ತಲಿಗಿ ಬಿಸಲ ಬಡದ್ರ ತಡಕೋಬಹುದು, ಪಾದಕ್ಕ ಬಡದ್ರ ಮುಗೀತು" ಎಂಬುದು ಅವನ ಮಂತ್ರ. ಜೀವಮಾನವೆಲ್ಲ ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುತ್ತ ನಿಂತ ಅವನ ಅಂಗಾಲು ಇಂದಿಗೂ ಕರಕಲು. ಈ ಸಲ ಸೋಲಾಪುರದ ಪೇಟೆಯಲ್ಲೇ ಇಲ್ಲದ ಟೊಮ್ಯಾಟೊ ಮಾಮಾನ ಅಂಗಳದಲ್ಲಿ ಕೆಂಪಗೆ ಜೋತಾಡುತ್ತಿದ್ದವು. ಹೋದ ವರ್ಷ ನಕ್ಕವರೇ ಚೀಲ ಹಿಡಿದು ಬಾಗಿಲಲ್ಲಿ ನಿಂತು "ಮಾಮಾರ, ಮಾಮಾರ" ಎನ್ನುತ್ತಿದ್ದರು. ಬಾಯಿ ಮುಕ್ಕಳಿಸಲು ಅತ್ತೆ ಕೊಟ್ಟ ನೀರು ಮಾತ್ರ ಚಹಾದಷ್ಟು ಬಿಸಿ: ಮನೆಯಲ್ಲಿದ್ದ ಒಂದೇ ಹರವಿ ಬೇರಿನ ಪಾಲಾಗಿತ್ತು, ಮಾಮಾನೂ ತಾಮ್ರದ ಕೊಡದ ಈ ಬಿಸಿನೀರನ್ನೇ ಕುಡಿಯುತ್ತಿದ್ದ. "ಅಲ್ರಿ ಮಾಮಾ, ಗಿಡಕ್ಕ ತಣ್ಣೀರು, ನಿಮಗ ಇದಾ?" ಎಂದು ಮಾಸ್ತರರು ಕೇಳಿದರು. ದೋಣಿಯ ಬಳಿ ಕೂತಿದ್ದ ಮಾಮಾ ಮೊಣಕೈ ಒರೆಸಿಕೊಂಡ. "ನಾ ಏನ ಹಣ್ಣ ಬಿಡಾಂವೇನಪಾ?"